ತಂತಿಯ ಕೆಳಗಿನ ಸ್ಪಂಜು

ದಾಂಡೇಲಿಯಲ್ಲಿ ನಾನು ಮಾಸ್ತರನಾಗಿದ್ದಾಗ ಕೊಟ್ಟ ಒಂದು ಅವಸರದ ಸಲಹೆಯು ನಾಲ್ಕೂವರೆ ದಶಕಗಳ ಮೇಲೆ ತಗಡಿನ ಡಬ್ಬಿಯೊಂದರಲ್ಲಿ ನನ್ನ ಮನೆಗೆ ಮರಳಿ ಬಂದ ಕತೆಯಿದು.

1979ರ ಗಣೇಶೋತ್ಸವದ ದಿನಗಳು. ಕಾಗದ ಕಾರ್ಖಾನೆಯ ಕಾಲೊನಿಯ ತರುಣರು ಆರ್ಕೆಸ್ಟ್ರಾ ಕಟ್ಟಿದ್ದರು. ಅವರಲ್ಲೊಬ್ಬ ನನ್ನ ಹಳೆಯ ವಿದ್ಯಾರ್ಥಿ. ಗೋವೆಯ ಹಡಗು ನೌಕರನೊಬ್ಬನಿಂದ ಅವನು ಕೊಂಡುಕೊಂಡಿದ್ದ ಜಪಾನೀ ಎಲೆಕ್ಟ್ರಿಕ್ ಗಿಟಾರಿನಲ್ಲಿ, ಕುದುರೆಯ ಬಳಿ, ತಂತಿಗಳ ಅಡಿಯಲ್ಲಿ, ಸ್ಪಂಜು ಅಂಟಿಸಿದ ಲೋಹದ ಪಟ್ಟಿಯೊಂದಿತ್ತು. ಅಂಗೈಯಿಂದ ಒತ್ತಿದರೆ ಪಟ್ಟಿ ಮೇಲೆದ್ದು ಸ್ಪಂಜು ತಂತಿಗಳನ್ನು ತಾಗುತ್ತಿತ್ತು; ನಾದ ದೀರ್ಘವಾಗಿ ಹರಿಯದೆ ಮೊಟಕಾಗುತ್ತಿತ್ತು. ಇದಕ್ಕೆ ಮ್ಯೂಟ್ ಎಂದು ಹೆಸರು. ಆದರೆ ಅದನ್ನು ಎತ್ತಿದೊಡನೆ ಶ್ರುತಿ ಏರುತ್ತಿತ್ತು. ಇಳಿಸಿದಾಗಲೂ ದಪ್ಪ ತಂತಿ ಮಂಕಾಗಿಯೇ ಇರುತ್ತಿತ್ತು.

"ಸರ್, ಇದು ಶ್ರುತಿಗೇ ನಿಲ್ಲವಲ್ದು," ಎಂದ. ತಂಬೂರಿ ಮೀಟಬಲ್ಲೆನೆಂಬ ಹಮ್ಮಿನಲ್ಲಿ ನಾನು, "ತಗದು ಒಗಿಯೋ ತಮ್ಮಾ, ಅದಿಲ್ಲದಿದ್ರೂ ನಡೀತದ," ಎಂದೆ. ಅವನು ಬಿಚ್ಚಿದ. ಕಾರ್ಯಕ್ರಮವೂ ನಡೆಯಿತು.

ಈ ಪಟ್ಟಿಗೂ ಒಂದು ಚರಿತ್ರೆಯಿದೆಯೆಂದು ನನಗೆ ತಿಳಿದದ್ದು ನಿವೃತ್ತಿಯ ಮೇಲೆ. ಅಮೆರಿಕದ ಲಿಯೋ ಫೆಂಡರ್ ಅವರ ಕಂಪನಿ 1951ರಲ್ಲಿ ಪ್ರೆಸಿಷನ್ ಬೇಸ್ ಎಂಬ ವಿದ್ಯುತ್ ಮಂದ್ರವಾದ್ಯವನ್ನು ತಂದಿತು. ಅಲ್ಲಿಯವರೆಗೆ ಆಳೆತ್ತರದ ಮರದ ಬೇಸ್ ವಾದ್ಯದ, ಬೇಗನೆ ಅಡಗುವ ನಾದಕ್ಕೆ ಜನರ ಕಿವಿ ಒಗ್ಗಿತ್ತು. ಹೊಸ ವಾದ್ಯದ ನಾದವನ್ನೂ ಹಾಗೆಯೇ ತಡೆಯಲು ಕುದುರೆಯ ಮೇಲಿನ ಲೋಹದ ಮುಚ್ಚಳದೊಳಗೆ ಸ್ಪಂಜು ಇಡುತ್ತಿದ್ದರು. 1960ರ ಜಾಝ್ ಬೇಸಿನಲ್ಲಿ ಒಂದೊಂದು ತಂತಿಗೂ ಪ್ರತ್ಯೇಕ ಫೆಲ್ಟಿನ ಮ್ಯೂಟ್ ಬಂದಿತು. 1962ರ ಜಾಗ್ವಾರ್ ಗಿಟಾರಿನಲ್ಲಿ, ನುಡಿಸುತ್ತಿರುವಾಗಲೇ ಎತ್ತಿ ಇಳಿಸಬಹುದಾದ ಪಟ್ಟಿ ಬಂದಿತು. ನಮ್ಮ ಹುಡುಗನ ಗಿಟಾರು ಇದರ ಅನುಕರಣೆ. ಆದರೆ ವಾದಕರು ಅಂಗೈಯ ಅಂಚಿನಿಂದಲೇ ತಂತಿ ಅದುಮುವುದನ್ನು ರೂಢಿಸಿಕೊಂಡರು. ಅನೇಕರು ಪಟ್ಟಿಯನ್ನು ಕಿತ್ತಿಟ್ಟರು. 1975ರಲ್ಲಿ ಜಾಗ್ವಾರಿನ ತಯಾರಿಕೆಯೇ ನಿಂತಿತು. ಮರಳಿ ಆರಂಭವಾದದ್ದು ವರ್ಷಗಳ ಮೇಲೆ. ಇತ್ತ ಮೋಟೌನ್ ಸಂಸ್ಥೆಯ ಜೇಮ್ಸ್ ಜೇಮರ್ಸನ್ ಮುಚ್ಚಳದಡಿಯ ಸ್ಪಂಜನ್ನು ಬಿಡಲಿಲ್ಲ. 1960ರ ದಶಕದ ಎಷ್ಟೋ ಜನಪ್ರಿಯ ಹಾಡುಗಳ ಆಧಾರ ಆ ಮೊಟಕು ನಾದವೇ.

ನನಗೆ ನಾಚಿಕೆಯಾಗುವುದು ಇಲ್ಲಿ. ನಮ್ಮ ತಂಬೂರಿಯ ಕುದುರೆಯ ಮೇಲೂ ತಂತಿಯ ಕೆಳಗೆ ಒಂದು ವಸ್ತು ಇದೆಯಲ್ಲವೆ? ಜವಾರಿಯ ದಾರ! ಸ್ಪಂಜು ನಾದವನ್ನು ಅಡಗಿಸಿದರೆ, ದಾರ ಅದನ್ನು ಅರಳಿಸುತ್ತದೆ. ಕೆಲಸ ವಿರುದ್ಧ, ಹದ ಒಂದೇ. ದಾರ ಕೂದಲೆಳೆಯಷ್ಟು ಸರಿದರೂ ತಂತಿ ಸೊರಗುತ್ತದೆ. ಹಾಗೆಂದು ಯಾರೂ ದಾರವನ್ನು ಎಸೆಯುವುದಿಲ್ಲ, ಸರಿಸಿ ನೋಡುತ್ತಾರೆ. ಮಿರಜದಲ್ಲಿ ತಲೆಮಾರುಗಳಿಂದ ತಂಬೂರಿ ಮಾಡುವವರ ಕೈಚಳಕವೂ, ಅದೇ ಮಿರಜದಲ್ಲಿ ನೆಲೆಸಿದ್ದ ಅಬ್ದುಲ್ ಕರೀಂ ಖಾನರಿಂದ ನಮ್ಮ ಕುಂದಗೋಳದ ಸವಾಯಿ ಗಂಧರ್ವರಿಗೆ ಇಳಿದು ಬಂದ ಸ್ವರನಿಷ್ಠೆಯೂ ಈ ಹದವನ್ನೇ ನೆಚ್ಚಿದ್ದವು. ಅದನ್ನು ಬಲ್ಲ ನಾನು ಪರದೇಶದ ವಾದ್ಯವೆಂದೊಡನೆ "ಒಗಿಯೋ" ಎಂದುಬಿಟ್ಟೆ.

ಕಳೆದ ತಿಂಗಳು ಆ ಹುಡುಗ, ಈಗ ಹಳಿಯಾಳದಲ್ಲಿ ನೆಲೆಸಿರುವ ಅಜ್ಜ, ಗಿಟಾರಿನೊಂದಿಗೆ ಮನೆಗೆ ಬಂದ. ಬಿಸ್ಕತ್ತಿನ ಡಬ್ಬಿ ತೆರೆದ. ಒಳಗೆ ಆ ಪಟ್ಟಿ, ಅದರ ಸ್ಕ್ರೂಗಳ ಸಮೇತ! "ನೀವು ಒಗಿ ಅಂದ್ರಿ ಸರ್, ನನಗ ಮನಸಾಗಲಿಲ್ಲ," ಎಂದ.

ಇಬ್ಬರೂ ಕುಳಿತು ಪರೀಕ್ಷಿಸಿದೆವು. ಸ್ಪಂಜು ಕಲ್ಲಾಗಿತ್ತು. ಗಟ್ಟಿ ಸ್ಪಂಜು ತಂತಿಯನ್ನು ಮೇಲಕ್ಕೆ ನೂಕಿ ಬಿಗಿತ ಹೆಚ್ಚಿಸುತ್ತದೆ. ತಾನೇ ಇನ್ನೊಂದು ಕುದುರೆಯಾಗಿ ತಂತಿಯ ಮಿಡಿಯುವ ಉದ್ದವನ್ನು ಕಡಿಮೆ ಮಾಡುತ್ತದೆ. ಎರಡರ ಫಲವೂ ಶ್ರುತಿ ಏರುವುದೇ. ಪಟ್ಟಿ ದಪ್ಪ ತಂತಿಯ ಕಡೆಗೆ ತುಸು ಬಾಗಿತ್ತು. ಇಳಿಸಿದರೂ ತಗಲುತ್ತಿದ್ದುದು ಅದಕ್ಕೇ. ಹಳೆಯ ಸ್ಪಂಜನ್ನು ಕೆರೆದು ಮೆತ್ತನೆಯದನ್ನು ಅಂಟಿಸಿದೆವು, ಪಟ್ಟಿಯನ್ನು ನೆಟ್ಟಗೆ ಮಾಡಿ ಕೂರಿಸಿದೆವು. ಬಳಿಕ ಕಾಗದದ ಚೂರೊಂದನ್ನು ತಂತಿ-ಸ್ಪಂಜುಗಳ ನಡುವೆ ತೂರಿಸಿದೆವು: ಇಳಿಸಿದಾಗ ಆರೂ ತಂತಿಗಳ ಕೆಳಗೆ ಅದು ಸಲೀಸಾಗಿ ಸರಿಯಬೇಕು, ಎತ್ತಿದಾಗ ಹಗುರವಾಗಿ ಹಿಡಿಯಬೇಕು. ಮೂರನೆಯ ಯತ್ನಕ್ಕೆ ಹದ ಸಿಕ್ಕಿತು. ಶ್ರುತಿ ಕದಲಲಿಲ್ಲ.

ಅವನು ನುಡಿಸಿದ, ಮಳೆಹನಿಯಂತೆ ಬಿಡಿ ಬಿಡಿಯಾಗಿ ಸ್ವರಗಳು ಉದುರಿದವು. 1979ರಲ್ಲಿ ಬೇಕಾಗಿದ್ದುದು ಒಂದು ತುಂಡು ಸ್ಪಂಜು, ಅರ್ಧ ಗಂಟೆಯ ತಾಳ್ಮೆ. ಶಿಷ್ಯ ಮಾತು ಕೇಳದೆ ಹೋದದ್ದಕ್ಕೆ ಸಂತೋಷಪಟ್ಟ ಮಾಸ್ತರ ನಾನೊಬ್ಬನೇ ಇರಲಾರೆ.