ಪೋಷಕ ಆರೈಕೆಯ ಮಗು: ದತ್ತು ಮತ್ತು ಪಾಲಕತ್ವ

ಹೆತ್ತವರ ಆಸರೆಯಿಲ್ಲದ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇರೆಗೆ ಬೇರೊಂದು ಕುಟುಂಬವು ತಾತ್ಕಾಲಿಕವಾಗಿ ಸಾಕುವ ವ್ಯವಸ್ಥೆಯೇ ಪೋಷಕ ಆರೈಕೆ. ಭಾರತದಲ್ಲಿ ಇದು 2015ರ ಬಾಲನ್ಯಾಯ ಕಾಯ್ದೆಗೆ ಒಳಪಟ್ಟಿದೆ. ಈ ಸಂಬಂಧಕ್ಕೆ ಸ್ಥಿರತೆ ನೀಡಲು ದತ್ತು ಮತ್ತು ಪಾಲಕತ್ವ ಎಂಬ ಎರಡು ಮಾರ್ಗಗಳಿವೆ.

ದತ್ತು
ದತ್ತು ಆದೇಶವಾದ ದಿನದಿಂದ ಮಗು, ಉತ್ತರಾಧಿಕಾರವೂ ಸೇರಿದಂತೆ ಎಲ್ಲ ವಿಷಯಗಳಲ್ಲಿ, ದತ್ತು ತಂದೆತಾಯಿಯರ ಮಗುವೆನಿಸುತ್ತದೆ. ಜನ್ಮಕುಟುಂಬದೊಡನೆ ಅದರ ಕಾನೂನು ಸಂಬಂಧ ಕೊನೆಗೊಳ್ಳುತ್ತದೆ. ಆದ್ದರಿಂದ ಮಗು ದತ್ತು ನೀಡಲು ಕಾನೂನಿನಂತೆ ಮುಕ್ತವಾಗಿದೆಯೆಂದು ಸಮಿತಿಯು ಮೊದಲು ಘೋಷಿಸಬೇಕು. 2024ರ ಮಾದರಿ ಮಾರ್ಗಸೂಚಿಯಂತೆ ಇಂತಹ ಮಗುವನ್ನು ಪೋಷಕ ಕುಟುಂಬವು 2 ವರ್ಷಗಳ ಆರೈಕೆಯ ನಂತರ ದತ್ತು ಪಡೆಯಬಹುದು. ಹಿಂದೆ ಈ ಅವಧಿ 5 ವರ್ಷವಿತ್ತು.

ಪಾಲಕತ್ವ
1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ನ್ಯಾಯಾಲಯವು ನೇಮಿಸಿದ ಪಾಲಕರು ಮಗುವಿನ ಪೋಷಣೆ, ಆರೋಗ್ಯ, ಶಿಕ್ಷಣಗಳ ಹೊಣೆ ಹೊರುತ್ತಾರೆ. ಮಗುವಿಗೆ 18 ವರ್ಷ ತುಂಬಿದಾಗ ಈ ಹೊಣೆ ಮುಗಿಯುತ್ತದೆ. ಜನ್ಮಕುಟುಂಬದ ನಂಟು ಉಳಿಯುತ್ತದೆ. ಆದರೆ ಪಾಲಕರ ಆಸ್ತಿಯಲ್ಲಿ ಉತ್ತರಾಧಿಕಾರವಿಲ್ಲ. ಉಯಿಲು ಅಥವಾ ದಾನಪತ್ರದ ಮೂಲಕ ಕೊಡಬೇಕಾಗುತ್ತದೆ.

ಆಯ್ಕೆ
ಹೆತ್ತವರು ಮರಳಿ ಸಾಕುವ ಸಾಧ್ಯತೆಯಿದ್ದರೆ ಅಥವಾ ಬೆಳೆದ ಮಗು ತನ್ನ ಮನೆತನದ ನಂಟನ್ನು ಬಯಸಿದರೆ ಪಾಲಕತ್ವ ಸೂಕ್ತವಾಗಬಹುದು. ಹಿಂತಿರುಗಲು ಮನೆಯೇ ಇಲ್ಲದ ಮಗುವಿಗೆ ಪ್ರಾಪ್ತವಯಸ್ಸಿನ ನಂತರವೂ ಕುಟುಂಬವನ್ನು ಉಳಿಸಿಕೊಡುವುದು ದತ್ತು. ಎರಡರಲ್ಲಿಯೂ ಸಾಕುವವರ ಇಚ್ಛೆಗಿಂತ ಮಗುವಿನ ಹಿತವೇ ನಿರ್ಣಾಯಕ.