ಬೆಸೆದು ಹುಟ್ಟಿದ ಕಿಡ್ನಿಗಳು

ಹದಿನಾರನೇ ಶತಮಾನದ ಆರಂಭದಲ್ಲಿ ಇಟಲಿಯ ಬೊಲೋನ್ಯಾದಲ್ಲಿ ಶಸ್ತ್ರವೈದ್ಯಕೀಯ ಕಲಿಸುತ್ತಿದ್ದ ಬೆರೆಂಗಾರಿಯೊ ದಾ ಕಾರ್ಪಿ, ಹಳೆಯ ಗ್ರಂಥಗಳಿಗಿಂತ ಶವಚ್ಛೇದನದಲ್ಲಿ ಕಣ್ಣಾರೆ ಕಂಡದ್ದನ್ನು ಹೆಚ್ಚು ನಂಬಿದವನು. ಬೆನ್ನುಮೂಳೆಯ ಎಡಬಲಕ್ಕೆ ಬೇರೆಬೇರೆಯಾಗಿ ಇರಬೇಕಾದ ಕಿಡ್ನಿಗಳು ತಳದಲ್ಲಿ ಕೂಡಿಕೊಂಡಿದ್ದನ್ನು ಅವನು ದಾಖಲಿಸಿದ. 1522ರ ಆ ವಿವರಣೆಯೇ ಇದರ ಮೊದಲ ದಾಖಲೆ ಎನ್ನುತ್ತಾರೆ. 1564ರಲ್ಲಿ ಲಿಯೊನಾರ್ಡೊ ಬೊಟಾಲ್ಲೊ ಚಿತ್ರ ಸಮೇತ ಇನ್ನಷ್ಟು ವಿವರವಾಗಿ ಬರೆದ.

ಆಕಾರ ಕುದುರೆಯ ಲಾಳದ್ದು. ಸುಮಾರು 500 ಜನರಲ್ಲಿ ಒಬ್ಬರಿಗೆ ಹೀಗಿರುತ್ತದೆ, ಹಲವರಿಗೆ ಜೀವಮಾನವಿಡೀ ಗೊತ್ತೇ ಆಗುವುದಿಲ್ಲ.

ಭ್ರೂಣದಲ್ಲಿ ಕಿಡ್ನಿಗಳು ರೂಪುಗೊಳ್ಳುವುದು ಸೊಂಟದ ಗೂಡಿನಲ್ಲಿ. ಅಲ್ಲಿಂದ ಅವು ಮೇಲೇರಬೇಕು. ಏರುವ ಮುನ್ನವೇ ಕೆಳತುದಿಗಳು ಬೆಸೆದುಕೊಂಡರೆ, ನಡುವಿನ ಪಟ್ಟಿ ದೊಡ್ಡಕರುಳಿಗೆ ರಕ್ತ ಒಯ್ಯುವ ಒಂದು ಧಮನಿಗೆ ಸಿಕ್ಕಿ ದಾರಿಯಲ್ಲೇ ನಿಂತುಬಿಡುತ್ತದೆ. ಮೂತ್ರನಾಳಗಳು ಆ ಜೋಡಣೆಯ ಮೇಲೆ ಹಾದು ಇಳಿಯಬೇಕಾದ್ದರಿಂದ ಕೆಲವರಲ್ಲಿ ಮೂತ್ರ ಸರಾಗವಾಗಿ ಹರಿಯದೆ ಸೋಂಕು, ಕಲ್ಲು ಕಾಣಿಸಿಕೊಳ್ಳುತ್ತವೆ.

ಡೆನ್ಮಾರ್ಕಿನ ಶಸ್ತ್ರವೈದ್ಯ ಥೋರ್‌ಕಿಲ್ಡ್ ರೋವ್ಸಿಂಗ್ 1911ರಲ್ಲಿ ಇಂಥ ರೋಗಿಗಳ ಬಗ್ಗೆ ಬರೆದ. ಮೈಯನ್ನು ಹಿಂದಕ್ಕೆ ಬಾಗಿಸಿದರೆ ಹೊಟ್ಟೆನೋವು ಬರುವುದು ಅವನು ಗುರುತಿಸಿದ ಲಕ್ಷಣ. ನಡುವಿನ ಪಟ್ಟಿಯೇ ನೋವಿನ ಮೂಲವೆಂದು ಅದನ್ನು ಕತ್ತರಿಸುವ ಶಸ್ತ್ರಕ್ರಿಯೆ ದಶಕಗಳ ಕಾಲ ನಡೆಯಿತು. ಆದರೆ ಪಟ್ಟಿ ಬಿಡಿಸಿದರೂ ಕಿಡ್ನಿಗಳು ಬಹುಪಾಲು ಇದ್ದಲ್ಲಿಯೇ ಉಳಿಯುತ್ತಿದ್ದವು, ಏಕೆಂದರೆ ಅವುಗಳ ರಕ್ತನಾಳಗಳೇ ಅವನ್ನು ಅಲ್ಲಿ ಹಿಡಿದಿರುತ್ತವೆ. ಮೇಲಾಗಿ ರಕ್ತಸ್ರಾವ, ಮೂತ್ರ ಸೋರಿಕೆಯ ಅಪಾಯ. ನೋವು ತಾಳಲಾರದೆ ಬಂದವರು ಅನುಭವಿಸಿದ ಈ ಹೆಚ್ಚಿನ ಕಷ್ಟ ಮರೆಯುವಂಥದ್ದಲ್ಲ. ಈಗ ವೈದ್ಯರು ಸಾಮಾನ್ಯವಾಗಿ ಪಟ್ಟಿಯನ್ನು ಹಾಗೇ ಬಿಟ್ಟು, ಮೂತ್ರದ ತಡೆಯನ್ನೋ ಕಲ್ಲನ್ನೋ ಸರಿಪಡಿಸುತ್ತಾರೆ.

ಕತ್ತಿಗೂ ಮೊದಲು, ಒಳಗಿನ ಕಿಡ್ನಿಯನ್ನು ಕಾಣುವ ಕಣ್ಣು ಬೇಕಿತ್ತು. ಅದು ಬಂದದ್ದು 1929ರಲ್ಲಿ, ಬರ್ಲಿನ್‌ನಲ್ಲಿ: ಯುವ ವೈದ್ಯ ಮೋಸೆಸ್ ಸ್ವಿಕ್ ಯುರೋಸೆಲೆಕ್ಟಾನ್ ಎಂಬ ದ್ರವವನ್ನು ರಕ್ತನಾಳಕ್ಕೆ ಚುಚ್ಚಿ, ಜೀವಂತ ಮನುಷ್ಯರ ಕಿಡ್ನಿಯನ್ನು ಎಕ್ಸ್‌ರೇಯಲ್ಲಿ ಮೂಡಿಸಿ ತೋರಿಸಿದ.

ಇನ್ನೊಂದು ಸಂಗತಿ ತಡವಾಗಿ ಬೆಳಕಿಗೆ ಬಂತು. ಲಾಳದ ಕಿಡ್ನಿ ಯಾವಾಗಲೂ ಒಂಟಿಯಾಗಿ ಬರುವುದಿಲ್ಲ. 1938ರಲ್ಲಿ ಅಮೆರಿಕದ ಹೆನ್ರಿ ಟರ್ನರ್, ಗಿಡ್ಡ ಮೈಕಟ್ಟಿನ, ಕತ್ತಿನ ಇಕ್ಕೆಲದಲ್ಲಿ ಚರ್ಮದ ಮಡಿಕೆಯಿದ್ದ, ಪ್ರಾಯಕ್ಕೆ ಬರದ ಏಳು ಜನ ಯುವತಿಯರನ್ನು ವರ್ಣಿಸಿದ. ಅವರ ದೇಹದಲ್ಲಿ ಒಂದು ಎಕ್ಸ್ ವರ್ಣತಂತು ಇಲ್ಲದಿರುವುದೇ ಕಾರಣವೆಂದು 1959ರಲ್ಲಿ ತಿಳಿಯಿತು. ಈ ಸ್ಥಿತಿಯಲ್ಲಿ ಲಾಳದ ಕಿಡ್ನಿ ಸಾಮಾನ್ಯರಿಗಿಂತ ಎಷ್ಟೋ ಪಟ್ಟು ಹೆಚ್ಚು. 1960ರಲ್ಲಿ ಜಾನ್ ಎಡ್ವರ್ಡ್ಸ್ ಗುರುತಿಸಿದ, ಹದಿನೆಂಟನೇ ವರ್ಣತಂತು ಮೂರಿರುವ ಶಿಶುಗಳಲ್ಲೂ ಅದು ಕಾಣುತ್ತದೆ. ಅದಕ್ಕೇ ಟರ್ನರ್ ವರ್ಣಿಸಿದ ಸ್ಥಿತಿ ಪತ್ತೆಯಾದ ಹುಡುಗಿಯರಿಗೆ ಹೃದಯದ ಪರೀಕ್ಷೆಯ ಜೊತೆಗೆ ಕಿಡ್ನಿಯ ಸ್ಕ್ಯಾನ್ ಕೂಡ ಮಾಡಿಸುತ್ತಾರೆ. ಗರ್ಭಿಣಿಯ ಸ್ಕ್ಯಾನಿಂಗ್‌ನಲ್ಲಿ ಕೂಡಿಕೊಂಡ ಕಿಡ್ನಿ ಕಂಡರೆ, ವೈದ್ಯರು ಮಗುವಿನ ಹೃದಯ, ಬೆನ್ನುಮೂಳೆಗಳನ್ನೂ ಇನ್ನೊಮ್ಮೆ ನೋಡುತ್ತಾರೆ.