ಕಾಳಿ ನದಿಯ ಕರೆಂಟ್: ಜೋಯಿಡಾದಲ್ಲಿ ಹುಟ್ಟಿದ ವಿದ್ಯುತ್ ಜೋಯಿಡಾಕ್ಕೇ ಯಾಕೆ ನೆಟ್ಟಗೆ ಸಿಗಲ್ಲ?

ದಾಂಡೇಲಿ: ದೇಶದ ವಿದ್ಯುತ್ ಉತ್ಪಾದನಾ ಸಾಮರ್ಥ್ಯದಲ್ಲಿ ಅರ್ಧದಷ್ಟು ಈಗ ಕಲ್ಲಿದ್ದಲು, ಗ್ಯಾಸ್ ಬಳಸದ ಮೂಲಗಳದ್ದು ಎಂದು ಕೇಂದ್ರ ಸರ್ಕಾರ 2025ರಲ್ಲಿ ಹೇಳಿತು. 2030ಕ್ಕೆ ಇಂಥ ಮೂಲಗಳಿಂದಲೇ 500 ಗಿಗಾವ್ಯಾಟ್ ಎಂಬ ಗುರಿಯಿದೆ. ಸಾಮರ್ಥ್ಯ ಬೇರೆ, ನಿಜವಾಗಿ ತಯಾರಾಗುವ ಯೂನಿಟ್ ಬೇರೆ. ಯೂನಿಟ್ ಲೆಕ್ಕಕ್ಕೆ ಬಂದರೆ ಇವತ್ತಿಗೂ ಕಲ್ಲಿದ್ದಲಿನದ್ದೇ ದೊಡ್ಡ ಪಾಲು. ಆದರೆ ಉತ್ತರ ಕನ್ನಡದ ಈ ಭಾಗ ಹೊಗೆಯಿಲ್ಲದ ಕರೆಂಟ್ ಕೊಡಲು ಶುರು ಮಾಡಿ ನಾಲ್ಕು ದಶಕ ದಾಟಿದೆ. ಅದರ ಬೆಲೆಯನ್ನೂ ಇಲ್ಲಿನವರೇ ಕೊಟ್ಟಿದ್ದಾರೆ.

ಕಾಳಿ ನದಿ ಜೋಯಿಡಾ ತಾಲೂಕಿನ ಡಿಗ್ಗಿ ಬಳಿ ಹುಟ್ಟಿ ಕಾರವಾರದಲ್ಲಿ ಸಮುದ್ರ ಸೇರುತ್ತದೆ. ಗಣೇಶಗುಡಿ ಹತ್ತಿರದ ಸೂಪಾ ಅಣೆಕಟ್ಟೆ 101 ಮೀಟರ್ ಎತ್ತರ, ಸುಮಾರು 145 ಟಿಎಂಸಿ ನೀರು ಹಿಡಿಯುತ್ತದೆ. ಕೆಆರ್‌ಎಸ್ ಹಿಡಿಯೋದು 49 ಟಿಎಂಸಿ, ಅಂದ್ರೆ ಹೆಚ್ಚುಕಡಿಮೆ ಮೂರು ಕೆಆರ್‌ಎಸ್. ಅಣೆಕಟ್ಟೆಯ ಬುಡದ ಪವರ್ ಹೌಸ್ ಬರೀ 100 ಮೆಗಾವ್ಯಾಟ್‌ನದು. ಅಲ್ಲಿಂದ ಹೊರಬಿದ್ದ ನೀರು ಬೊಮ್ಮನಹಳ್ಳಿ ಜಲಾಶಯಕ್ಕೆ ಬರುತ್ತೆ, ಹಳಿಯಾಳ ಕಡೆಯ ತಟ್ಟಿಹಳ್ಳದ ನೀರೂ ಅಲ್ಲಿಗೇ ಸೇರುತ್ತೆ. ಆಮೇಲೆ ಸುರಂಗದಲ್ಲಿ ಹರಿದು ಅಂಬಿಕಾನಗರ ಬಳಿಯ ನಾಗಝರಿಗೆ. ಅಸಲಿ ಉತ್ಪಾದನೆ ನಾಗಝರಿಯದ್ದೇ, ಸುಮಾರು 900 ಮೆಗಾವ್ಯಾಟ್. ಕೆಳಗೆ ಕೊಡಸಳ್ಳಿ 120, ಕದ್ರಾ 150. ಪಕ್ಕದ ಕೈಗಾ ಅಣುಸ್ಥಾವರದ 880 ಸೇರಿಸಿದರೆ ಒಂದೇ ನದಿ ಕಣಿವೆಯಲ್ಲಿ 2,100 ಮೆಗಾವ್ಯಾಟ್ ದಾಟುತ್ತದೆ. ರಾಯಚೂರಿನ ಆರ್‌ಟಿಪಿಎಸ್ 1,720 ಮೆಗಾವ್ಯಾಟ್‌ನದು. ಅದಕ್ಕೆ ಬೇಕಾದ ಕಲ್ಲಿದ್ದಲು ಹೊರರಾಜ್ಯದಿಂದ ರೈಲಿನಲ್ಲಿ ಬರಬೇಕು, ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಯೇ ಇಲ್ಲ.

ಸೂಪಾ ಅನ್ನೋದು ಮೊದಲು ಒಂದು ಊರಿನ ಹೆಸರು. ಕಾಳಿ, ಪಾಂಢರಿ ನದಿಗಳು ಕೂಡುವ ಜಾಗದಲ್ಲಿದ್ದ ತಾಲೂಕು ಕೇಂದ್ರ. ಅದು ಮುಳುಗಿತು, ಕಚೇರಿಗಳು ಜೋಯಿಡಾಕ್ಕೆ ಹೋದವು, ಎಷ್ಟೋ ಕುಟುಂಬಗಳಿಗೆ ರಾಮನಗರದಲ್ಲಿ ಜಾಗ ಕೊಟ್ಟರು. ಹಳಿಯಾಳದ ರೈತರಂತೂ ಕಾಳಿ ನೀರು ಕೆರೆಗಳಿಗೆ ಬರಲಿ ಅಂತ ವರ್ಷಗಟ್ಟಲೆ ಹೋರಾಡಿದ್ದಾರೆ.

ಇಷ್ಟಾದರೂ ಮಳೆಗಾಲದಲ್ಲಿ ಒಂದು ಮರ ಬಿದ್ದರೆ ಜೋಯಿಡಾದ ಹಳ್ಳಿಗಳಲ್ಲಿ ದಿನಗಟ್ಟಲೆ ಕತ್ತಲೆ. ಕಾರಣ ಕಷ್ಟದ್ದೇನಲ್ಲ. ನಾಗಝರಿಯ ಕರೆಂಟ್ 220 ಕಿಲೋವೋಲ್ಟ್ ದೊಡ್ಡ ಲೈನಿನಲ್ಲಿ ರಾಜ್ಯದ ಗ್ರಿಡ್‌ಗೆ ಹೋಗುತ್ತದೆ. ದಾರಿಯಲ್ಲಿ ಕಾಣುವ ಹಳ್ಳಿಗೆ ಅದರಿಂದ ನೇರವಾಗಿ ಎಳೆಯೋಕೆ ಬರಲ್ಲ. ಸಬ್‌ಸ್ಟೇಷನ್‌ನಲ್ಲಿ ಇಳಿದು, ಹೆಸ್ಕಾಂನ 11 ಕಿಲೋವೋಲ್ಟ್ ಲೈನಿನಲ್ಲಿ ಕಾಡೊಳಗೆ ಹಾದು ಟಿಸಿಗೆ ಬರಬೇಕು. ಹತ್ತಿಪ್ಪತ್ತು ಮನೆಗಳಿಗಾಗಿ ಕಾಡಿನಲ್ಲಿ ಎಳೆದ ಲೈನು ಎಲ್ಲಿ ತುಂಡಾಗಿದೆ ಅಂತ ಹುಡುಕೋದ್ರಲ್ಲೇ ಲೈನ್‌ಮನ್‌ಗೆ ದಿನ ಮುಗಿಯುತ್ತೆ.

ಸೋಲಾರ್ ಬಂದ ಮೇಲೆ ಸೂಪಾದ ಕೆಲಸ ಏನು?

ಪಾವಗಡದಂಥ ಸೋಲಾರ್ ಪಾರ್ಕ್‌ಗಳು ಹಗಲು ಹೊತ್ತು ಬೇಕಾದಷ್ಟು ಕೊಡುತ್ತವೆ. ಸೂರ್ಯ ಮುಳುಗಿದ ಕೂಡಲೇ ಅದು ಬಂದ್, ಅದೇ ಹೊತ್ತಿಗೆ ಮನೆಮನೆಯಲ್ಲಿ ಲೈಟು, ಟಿವಿ, ಮಿಕ್ಸರ್. ಕಲ್ಲಿದ್ದಲು ಘಟಕ ತಣ್ಣಗಿದ್ದರೆ ಶುರುವಾಗೋಕೆ ಹಲವು ತಾಸು ಬೇಕು. ಜಲವಿದ್ಯುತ್ ಹಾಗಲ್ಲ, ಗೇಟು ತೆಗೆದರೆ ಕೆಲವೇ ನಿಮಿಷ. ಹಾಗಾಗಿ ಸೋಲಾರ್ ಹೆಚ್ಚಿದಷ್ಟೂ ಸೂಪಾದ ನೀರಿಗೆ ಬೆಲೆ ಹೆಚ್ಚು, ಅದೂ ಸಂಜೆ ಹೊತ್ತು. ಗಣೇಶಗುಡಿಯ ರ‍್ಯಾಫ್ಟಿಂಗ್ ನಡೆಯೋದೂ ಇದೇ ನೀರಿನ ಮೇಲೆ. ವಿದ್ಯುತ್ ಬೇಡಿಕೆ ನೋಡಿ ನೀರು ಬಿಡುತ್ತಾರೆಯೇ ಹೊರತು ಪ್ರವಾಸಿಗರನ್ನು ನೋಡಿ ಅಲ್ಲ. ಮಳೆ ಕೈಕೊಟ್ಟರೆ ಮಾತ್ರ ಲೆಕ್ಕ ತಲೆಕೆಳಗು. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದಾಗ ಜಲಾಶಯಗಳ ನೀರನ್ನು ಅಳೆದು ಸುರಿದು ಬಳಸಬೇಕಾಯ್ತು.

ಕಲ್ಲಿದ್ದಲು ಈ ಕಡೆ ಇಲ್ಲವೇ ಇಲ್ಲ ಅಂತ ತಿಳೀಬೇಡಿ. ಮುರ್ಮುಗೋವಾ ಬಂದರಿನಲ್ಲಿ ಇಳಿದ ಕಲ್ಲಿದ್ದಲು ಕ್ಯಾಸಲ್‌ರಾಕ್ ಮೂಲಕವೇ ಬಳ್ಳಾರಿ ಕಡೆಯ ಉಕ್ಕಿನ ಕಾರ್ಖಾನೆಗಳಿಗೆ ಹೋಗುತ್ತೆ. ಕ್ಯಾಸಲ್‌ರಾಕ್–ಕುಳೆ ಜೋಡಿ ಹಳಿಗೆ ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು ಸುಪ್ರೀಂ ಕೋರ್ಟ್ 2022ರ ಮೇನಲ್ಲಿ ರದ್ದು ಮಾಡಿತು. ದಾಂಡೇಲಿಯ ಪೇಪರ್ ಮಿಲ್ ತನ್ನ ಬಾಯ್ಲರಿಗೆ ಕಲ್ಲಿದ್ದಲಿನ ಜೊತೆ ಕಟ್ಟಿಗೆ ತಿರುಳು ಬೇಯಿಸಿದಾಗ ಉಳಿಯುವ ಕಪ್ಪು ದ್ರಾವಣವನ್ನೂ ಉರಿಸುತ್ತದೆ. ಹಳಿಯಾಳದ ಸಕ್ಕರೆ ಕಾರ್ಖಾನೆ ಕಬ್ಬಿನ ಸಿಪ್ಪೆಯಿಂದ ಕರೆಂಟ್ ತೆಗೆಯುತ್ತದೆ.

ಮನೆ ಮತ್ತು ಹೊಲಕ್ಕೆ

ಪಿಎಂ ಸೂರ್ಯಘರ್‌ನಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂ., ಮೂರು ಅಥವಾ ಹೆಚ್ಚಿದ್ದರೆ ಒಟ್ಟು 78,000 ರೂ. ಕೇಂದ್ರದ ಸಬ್ಸಿಡಿ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರೋ ಮನೆಗೆ ಇದರಿಂದ ಉಳಿತಾಯ ಏನೂ ಇಲ್ಲ, ಅದಕ್ಕೇ ಹಳ್ಳಿಗಳಲ್ಲಿ ಯಾರೂ ಕೇಳಲ್ಲ. ತಿಂಗಳಿಗೆ 200 ಯೂನಿಟ್ ದಾಟುವವರು ನೋಡಬಹುದು. ವಾಣಿಜ್ಯ ಮೀಟರ್‌ಗೆ ಈ ಸಬ್ಸಿಡಿ ಇಲ್ಲ, ರೆಸಾರ್ಟ್‌ನವರು ಗಮನಿಸಿ. ಗ್ರಿಡ್‌ಗೆ ಜೋಡಿಸಿದ ಸೋಲಾರ್ ಬ್ಯಾಟರಿ ಇಲ್ಲದಿದ್ದರೆ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ, ಇದನ್ನು ಮಾರುವವರು ಮೊದಲೇ ಹೇಳೋದು ಕಡಿಮೆ. ಮುಂಡಗೋಡ, ಹಳಿಯಾಳದಲ್ಲಿ ಲೈನಿನಿಂದ 500 ಮೀಟರ್‌ಗಿಂತ ದೂರದ ಪಂಪ್‌ಸೆಟ್‌ಗೆ ಕುಸುಮ್ ಯೋಜನೆಯ ಸೋಲಾರ್ ಪಂಪ್ ಇದೆ: ಕೇಂದ್ರ ಶೇ 30, ರಾಜ್ಯ ಶೇ 50, ರೈತರದ್ದು ಶೇ 20.

ಜೋಯಿಡಾದ ಕಾಡೊಳಗಿನ ಮಜಿರೆಗಳಿಗೆ ದಾರಿ ಬೇರೆ. ಅರಣ್ಯ ಹಕ್ಕು ಕಾಯ್ದೆ 2006ರ ಕಲಂ 3(2) ಪ್ರಕಾರ ವಿದ್ಯುತ್ ಲೈನಿಗೆ ಒಂದು ಹೆಕ್ಟೇರ್‌ಗಿಂತ ಕಡಿಮೆ ಅರಣ್ಯ ಜಾಗ ಕೊಡಬಹುದು, ಹೆಕ್ಟೇರ್‌ಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ. ಇದಕ್ಕೆ ಗ್ರಾಮಸಭೆಯ ಶಿಫಾರಸು ಬೇಕೇ ಬೇಕು. ಒಪ್ಪಿಗೆ ಕೊಡೋದು ಡಿಎಫ್‌ಒ. ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ವನ್ಯಜೀವಿ ಕಾಯ್ದೆಯ ನಿಯಮಗಳೂ ಸೇರುವುದರಿಂದ ಫೈಲು ನಿಧಾನವಾಗುತ್ತದೆ. ಗ್ರಾಮಸಭೆಯಲ್ಲಿ ಬಾಯಿಮಾತಿನಲ್ಲಿ ಹೇಳಿ ಬಂದರೆ ಸಾಲದು, ಠರಾವು ಬರೆಸಿ ಅದರ ಪ್ರತಿ ಕೈಯಲ್ಲಿ ಇಟ್ಟುಕೊಂಡೇ ಹೆಸ್ಕಾಂಗೆ ಅರ್ಜಿ ಕೊಡಬೇಕು.